ಶಹಾತಾ ಮೇಷ್ಟ್ರ ಹೋಲಿಕೆಗಳು

ಮುಷ್ಕರದಲ್ಲಿ ಎರಡು ಸಲ ಜೈಲು ಕಂಡ ಶಹಾತಾ ಮೇಷ್ಟ್ರು ಈಜಿಪ್ಟಿನ ಮಹಲ್ಲಾ ಊರಿನ ಗಿರಣಿ ಹೆಂಗಸರಿಗೆ ಇಂಗ್ಲಿಷ್ ವ್ಯಾಕರಣ ಕಲಿಸುವುದು ಊರವರನ್ನು ಹೋಲಿಸಿಯೇ: ಮ್ಯಾನೇಜರನ ಹೊಟ್ಟೆ ಕಾಳು ಬೇಯಿಸಿ ಮಾರುವವನ ಹಂಡೆಗಿಂತ ದೊಡ್ಡದು, ಹೇಸರಗತ್ತೆಗಿಂತ ಸರ್ಕಾರಿ ಗುಮಾಸ್ತ ಮೊಂಡ, ಲೋಕದಲ್ಲೆಲ್ಲ ಅತಿ ನಿಧಾನವಾದದ್ದು ಪಿಂಚಣಿ. ಬಯ್ಯುವ ವಾಕ್ಯಗಳನ್ನು ಹೆಂಗಸರು ಸರಾಗ ಬರೆಯುತ್ತಾರೆ. ಹೊಗಳುವ ವಾಕ್ಯ ಬಂದರೆ ಮಾತ್ರ ದೃಷ್ಟಿಯಾದೀತೆಂದು ಹೆದರಿ ಒಂದೊಂದರ ಬಾಲಕ್ಕೂ ಎಲ್ಲ ದೇವರಿಚ್ಛೆಯೆಂಬ ‘ಮಾಷಾ ಅಲ್ಲಾ’ ಕಟ್ಟುತ್ತಾರೆ, ಪರೀಕ್ಷಕರು ಅಂಕ ಕತ್ತರಿಸುತ್ತಾರೆ. ನೂಲುವ ಉಮ್ಮ್ ಹಾನಿ ಹೀಗೆಯೇ ಎರಡು ಸಲ ಫೇಲಾದವಳು. ಈ ಸಲವೂ ಹೋದರೆ ಸೂಪರ್‌ವೈಸರ್ ಕೆಲಸ ಕೈತಪ್ಪುತ್ತದೆ. “ದೃಷ್ಟಿಯೂ ಇಲ್ಲ, ಗಿಷ್ಟಿಯೂ ಇಲ್ಲ ಕಣಮ್ಮ. ಇದ್ದಿದ್ರೆ ನಾವು ನೋಡಿದ ನೋಟಕ್ಕೆ ಆ ಮ್ಯಾನೇಜರು ಯಾವತ್ತೋ ಒಣಗಿಹೋಗ್ತಿದ್ದ,” ಎಂದು ಮೇಷ್ಟ್ರು ರೇಗಿದರೆ, “ನಿಮಗೇನು ಉಸ್ತಾದ್, ಮಕ್ಕಳಿಲ್ಲ ಮರಿಯಿಲ್ಲ. ನನ್ನ ಮಗ ಹಾನಿ ಅವರಪ್ಪನಿಗಿಂತ ಎತ್ತರ ಅಂತ ಬರೆದು ಸುಮ್ಮನಿರೋಕೆ ನನ್ನ ಕೈಲಾಗಲ್ಲ,” ಎಂದಳು ಅವಳು. ಮೇಷ್ಟ್ರು ಬೋಡುತಲೆ ಕೆರೆದುಕೊಂಡರು. “ಸರಿ, ನೀನು ಬರಿ ಅಷ್ಟೆ. ಬಾಲಕ್ಕೆ ಹೇಳೋದನ್ನ ನಾನು ಹೇಳ್ತೀನಿ.” ಪರೀಕ್ಷೆಯ ದಿನ, ಯಾರಾದರೂ ದೇವರ ಹೆಸರೆತ್ತಿದರೆ ಎದ್ದು ಹೋಗುವ ಆ ಮನುಷ್ಯ, ಶಾಲೆಯ ಗೇಟಿನಾಚೆ ಎರಡು ಗಂಟೆ ಬಿಸಿಲಲ್ಲಿ ನಿಂತು ತುಟಿ ಆಡಿಸುತ್ತಲೇ ಇದ್ದರು. ಒಳಗೆ ಉಮ್ಮ್ ಹಾನಿ ಮಗನ ಎತ್ತರ ಬರೆದಳು, ಕಿಟಕಿಯಿಂದ ಆ ತುಟಿಗಳನ್ನೊಮ್ಮೆ ನೋಡಿದಳು, ಪೂರ್ಣವಿರಾಮ ಇಟ್ಟು ಮುಂದಿನ ಪ್ರಶ್ನೆಗೆ ಹೋದಳು.