ಅಜ್ಜನ ಎದುರಿನ ಕುರ್ಚಿ

ನಮ್ಮಜ್ಜ ಹುಟ್ಟಿದ್ದು ಕಲಬುರಗಿ ಕಡೆಯ ಒಂದು ದೇಸಾಯಿ ವಾಡೆಯಲ್ಲಿ. ಫೌಜಿನಲ್ಲಿ ಕರ್ನಲ್ ಆಗಿ ನಿವೃತ್ತರಾದ ಮೇಲೆ ಹೈದರಾಬಾದಿನಲ್ಲೇ ಉಳಿದು, ಅಜ್ಜಿ ಹೋದ ಬಳಿಕ ಮೆಹದಿಪಟ್ಟಣಂನ ನಮ್ಮ ಫ್ಲ್ಯಾಟಿಗೆ ಬಂದರು. ತಿಂಗಳಿಗೊಂದು ಸಂಜೆ ಕಪ್ಪು ಸೂಟು ತೊಟ್ಟು, ಚಪ್ಪಟೆ ಪೆಟ್ಟಿಗೆಯೊಂದನ್ನು ಹಿಡಿದು ಸದಸ್ಯರೆಲ್ಲ ಅಣ್ಣತಮ್ಮಂದಿರೆನ್ನುವ ಹಳೆಯ ಗುಪ್ತಸಂಘ ಫ್ರೀಮೇಸನ್ನರ ಸಭಾಮನೆಗೆ, ಅಂದರೆ ಲಾಡ್ಜಿಗೆ, ಹೊರಡುತ್ತಿದ್ದರು. ಪೆಟ್ಟಿಗೆಯೊಳಗೆ ಸೊಂಟಕ್ಕೆ ಕಟ್ಟಿಕೊಳ್ಳುವ ಬಿಳಿ ತೊಗಲಿನ ಏಪ್ರನ್ ಇರುತ್ತಿತ್ತು. ನೆರೆಯವರು ಅಲ್ಲಿ ಮಾಟಮಂತ್ರ ನಡೆಯುತ್ತದೆ ಎಂದೇ ನಂಬಿದ್ದರು.

"ಒಳಗ ಹೋದ ಮ್ಯಾಲೆ ರಾಜಾ ಇಲ್ಲ, ಸಿಪಾಯಿ ಇಲ್ಲ. ಎಲ್ಲಾರೂ ಸಮಾ," ಎಂದು ಅಜ್ಜ ಹೇಳುವಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಅಷ್ಟು ಹೊತ್ತೂ ನಿಮ್ಮೆಲ್ಲರ ಡ್ರೈವರುಗಳು ಹೊರಗೆ ಬೀದಿಯಲ್ಲಿ ಸೊಳ್ಳೆ ಹೊಡೆಯುತ್ತ ನಿಂತಿರುತ್ತಾರಲ್ಲ ಎಂದು ಒಮ್ಮೆ ಕುಟುಕಿಯೂ ಬಿಟ್ಟೆ. ಅಜ್ಜನ ಮುಖ ಸಪ್ಪಗಾಯಿತು.

ಅದೇ ಹೊತ್ತಿಗೆ ನಮ್ಮ ಅಪಾರ್ಟ್‌ಮೆಂಟಿಗೆ ಹೊಸ ವಾಚ್‌ಮನ್ ಬಂದ. ಐವತ್ತು ದಾಟಿದ ಮನುಷ್ಯ, ಅಜ್ಜನ ಊರಿನವನೇ. ಅವನ ಹಿರಿಯರು ವಾಡೆಯ ಹೊಲದಲ್ಲಿ ದುಡಿದವರು. ಅಜ್ಜ ಯಾರೆಂದು ತಿಳಿದದ್ದೇ ತಡ, ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತ. ಊರಿನ ಸುದ್ದಿ ಕೇಳುವ ಆಸೆಗೆ ಅಜ್ಜ ಅವನನ್ನು ಸಂಜೆಯ ಚಹಾಕ್ಕೆ ಕರೆದರು. "ಕುಂದ್ರಪಾ," ಎಂದು ಎದುರಿನ ಬೆತ್ತದ ಕುರ್ಚಿ ತೋರಿಸಿದರು. ಅವನು ಕೂಡಲೇ ಕೂತ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ನೆಲದ ಮೇಲೆ. ಧಣಿ ಕೂರು ಎಂದರೆ ನೆಲಕ್ಕೆ ಕೂರುವುದು ವಾಡೆಯ ರೂಢಿ.

"ಅಲ್ಲಪಾ, ಕುರ್ಚಿ ಮ್ಯಾಲ."

"ಇರ್ಲಿ ಬಿಡ್ರಿ ಧಣಿ. ಇಲ್ಲೇ ಆರಾಮ ಐತ್ರಿ."

ದಿನಾ ಸಂಜೆ ಇದೇ ಮಾತು. ಅವನೊಬ್ಬ ಆ ಕುರ್ಚಿಯಲ್ಲಿ ಕೂತುಬಿಟ್ಟರೆ ತಮ್ಮ ಬದುಕು ಸುಳ್ಳಲ್ಲ ಎಂದಾಗುತ್ತದೆ ಎನ್ನುವಂತೆ ಅಜ್ಜ ಹಟ ಹಿಡಿದರು. ನಾನು ಚಹಾ ಕೊಡುತ್ತ ಒಳಗೊಳಗೇ ನಗುತ್ತಿದ್ದೆ.

ಒಂದು ಸಂಜೆ ಅವರ ತಾಳ್ಮೆ ಮುಗಿಯಿತು. "ಕುರ್ಚಿ ಮ್ಯಾಲ ಕುಂದ್ರು ಅಂತ ಹುಕುಂ ಮಾಡಾಕತ್ತೀನಿ," ಎಂದು ಪರೇಡಿನ ದನಿಯಲ್ಲಿ ಗದರಿದರು. ಅವನು ಕುರ್ಚಿಯ ಅಂಚಿಗೆ ಕೂತ. ಕೈಯಲ್ಲಿನ ಲೋಟ ವಾಲಿ ಚಹಾ ಅವನ ತೊಡೆಯ ಮೇಲೆ ಚೆಲ್ಲಿತು. ಸರಸರನೆ ಇಳಿದು ಮತ್ತೆ ನೆಲಕ್ಕೆ ಕೂತ. ಸಮಾನತೆಯನ್ನೂ ತಾವು ಹುಕುಮಿನಿಂದಲೇ ಕೊಡುತ್ತಿದ್ದೇವೆಂದು ಅಜ್ಜನಿಗೆ ಆಗ ಹೊಳೆದಿರಬೇಕು. ಕಿವಿ ಕೆಂಪಾದವು. ಕೋಲೂರಿ ಮೆಲ್ಲಗೆ ಇಳಿದು ಅವನ ಪಕ್ಕದಲ್ಲೇ ನೆಲಕ್ಕೆ ಕೂತರು. ಆಮೇಲೆ ಏಳಲು ಆಗಲೇ ಇಲ್ಲ. ಅವನೇ ಅವರನ್ನು ಕೂಸಿನಂತೆ ಎತ್ತಿ ಕುರ್ಚಿಯಲ್ಲಿ ಕೂರಿಸಿ, ತನ್ನ ಟವೆಲಿನಿಂದ ಅವರ ಪ್ಯಾಂಟಿನ ಧೂಳು ಒರೆಸಿದ. ಅಜ್ಜ ಕೈಯಿಂದ ಮುಖ ಮುಚ್ಚಿಕೊಂಡರು.

ಮರುದಿನ ಅವನು ಕೆಲಸ ಬಿಟ್ಟು ಶಂಶಾಬಾದಿನ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಗೇಟಿನ ಕೀಲಿ ಕೊಡಲು ಬಂದವಳು ಅವನ ಹೆಂಡತಿ.

"ನಮ್ಮ ಸಲುವಾಗಿ ಧಣಿ ನೆಲಕ್ಕ ಕುಂತ್ರು, ಇನ್ನ ಅವರಿಗೆ ಮಾರಿ ಹ್ಯಾಂಗ ತೋರಸ್ಲಿ ಅಂತ ನಮ್ಮನಿಯವ್ರು ರಾತ್ರಿಪೂರಾ ಅತ್ತಾರ್ರಿ ಅವ್ವಾರ," ಎಂದು ಅಮ್ಮನಿಗೆ ಹೇಳಿದಳು. ಒಳಗಿದ್ದ ಅಜ್ಜನಿಗೆ ಎಲ್ಲವೂ ಕೇಳಿಸಿತು.

ಆ ತಿಂಗಳು ಲಾಡ್ಜಿನ ದಿನ ಅವರು ಸೂಟು ತೊಟ್ಟು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. ಕಾರು ಕಾಯುತ್ತಿದೆ ಎಂದು ನಾನೇ ಎಚ್ಚರಿಸಿದೆ.

"ನಾ ಹೇಳಿದ್ರ ಅವಂಗ ಅದು ಹುಕುಂ," ಎಂದರು ಅಜ್ಜ. "ನೀ ಹೇಳಿದ್ರ ಕುಂದರ್ತಿದ್ನೇನೋ. ದಿನಾ ಚಹಾ ತಂದ ಕೊಡ್ತಿದ್ದಿ. ಒಂದ್ಸಲ ಕುಂದ್ರು ಅನ್ನಬೇಕಂತ ನಿನಗೂ ಅನಿಸಲಿಲ್ಲಲ್ಲವಾ?"

ಅವರ ದನಿಯಲ್ಲಿ ಕೊಂಕಿರಲಿಲ್ಲ. ದಿನವೂ ಬಗ್ಗಿ ಆ ನೆಲದ ಮೇಲೆಯೇ ಅವನ ಲೋಟ ಇಡುತ್ತಿದ್ದವಳು ನಾನು.