ಮೂರು ಗೋಡೆಯ ಆಫೀಸು

ಸಾಲ ಕೇಳಲು ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಹಳೆಯ ಅಂಗಿಯನ್ನು ಚೆನ್ನಾಗಿ ಇಸ್ತ್ರಿ ಮಾಡಿ ಹಾಕಿಕೊಳ್ಳಿ. ತೀರಾ ಬಡವನಂತೆ ಕಂಡರೆ ಕೊಡುವುದಿಲ್ಲ, ಸಿರಿವಂತನಂತೆ ಕಂಡರೆ ಯಾಕೆ ಬೇಕು ಅನ್ನುತ್ತಾರೆ. ಆದರೆ ಆಫೀಸನ್ನು ಹೇಗೆ ಸಿಂಗರಿಸಬೇಕೆಂಬುದು ಆಗ ನನಗೂ ಗೊತ್ತಿರಲಿಲ್ಲ.

ವಿಜಯಪುರದ ಕಡೆಯಿಂದ ಸುಣ್ಣ ಬಳಿಯಲು ಮುಂಬಯಿಗೆ ಬಂದವನು ನಾನು. ಈಗ ಕಟ್ಟಡಗಳಿಗೆ ಬಣ್ಣ ಹಚ್ಚಿಸುವ ಸಣ್ಣ ಗುತ್ತಿಗೆದಾರ. ಆ ಬೇಸಿಗೆಯಲ್ಲಿ ಪವಾಯಿಯ ದೊಡ್ಡ ವಸತಿ ಸೊಸೈಟಿಯೊಂದರ ಕೆಲಸ ಬಾಯಿಮಾತಿನಲ್ಲಿ ಕುದುರಿತ್ತು. ಅಟ್ಟಣೆಯ ಬಿದಿರು, ಬಣ್ಣ, ಕೂಲಿ ಎಲ್ಲಕ್ಕೂ ಮೊದಲು ನಾನೇ ಹಣ ಹಾಕಬೇಕು. ಆಗದಿದ್ದರೆ ಕೆಲಸ ಬೇರೆಯವನ ಪಾಲು. ಬ್ಯಾಂಕಿನವರು ನನ್ನಂಥವರಿಗೆ ಕೌಂಟರಿನಿಂದಲೇ ಕೈಮುಗಿಯುತ್ತಾರೆ. ಅಷ್ಟರಲ್ಲಿ ಒಂದು ಹಣಕಾಸು ಸಂಸ್ಥೆ ಭಾಷಾ ಅಲ್ಪಸಂಖ್ಯಾತ ಗುತ್ತಿಗೆದಾರರಿಗೆ ಸಾಲ ಕೊಡುತ್ತದೆಂದು ತಿಳಿಯಿತು. ಮಹಾರಾಷ್ಟ್ರದಲ್ಲಿ ಕನ್ನಡದವನು ಅಲ್ಪಸಂಖ್ಯಾತನೇ ತಾನೆ! ಷರತ್ತು ಒಂದೇ, ಅವರು ಬಂದು ನನ್ನ ಆಫೀಸು ನೋಡಬೇಕು.

ನನ್ನ ಆಫೀಸೆಂದರೆ ಬೈಕುಲ್ಲಾದ ಉಡುಪಿ ಹೋಟೆಲೊಂದರಲ್ಲಿ, ಕೈತೊಳೆಯುವ ತೊಟ್ಟಿಯ ಪಕ್ಕದ ಟೇಬಲ್ಲು. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಒಂದು ಚಹಾಕ್ಕೆ ಸಂಜೆವರೆಗೆ ಅಲ್ಲಿ ಕೂತು ವ್ಯವಹಾರ ಮಾಡುವುದು ನಮ್ಮಂಥವರ ರೂಢಿ. ಗಲ್ಲೆಯ ಮೇಲಿದ್ದ ಹೋಟೆಲಿನ ಯಜಮಾನರು ಮೊದಲೇ ಹೇಳಿಬಿಟ್ಟರು: "ಅವರನ್ನು ಇಲ್ಲಿಗೆ ಕರೀಬೇಡಿ ಮಾರಾಯ್ರೇ. ಟೇಬಲ್ಲು ನಿಮ್ಮದೂಂತ ಬರ್ಕೊಂಡ್ರೆ ನಾಳೆ ನಾನು ನಿಮಗೆ ಬಾಡಿಗೆ ಕೊಟ್ಟು ಇಡ್ಲಿ ಮಾರ್ಬೇಕಾದೀತು!"

ಗೋರೆಗಾಂವ್‌ನಲ್ಲಿ ಸಿನಿಮಾ ಸೆಟ್ಟು ಕಟ್ಟುವ ನಮ್ಮೂರ ಗೆಳೆಯನ ಬಳಿಗೆ ಓಡಿದೆ.

"ಅರಮನಿ ಕಟ್ಟಾಂವ ನಾ. ನಿನ್ನ ಆಫೀಸು ಯಾವ ಗಿಡದ ತಪ್ಪಲಾ?" ಎಂದ. "ರೊಕ್ಕ ಬ್ಯಾಡ, ಹೊಟ್ಟಿ ತುಂಬ ಊಟ ಹಾಕಿಸು."

ಊಟವನ್ನು ಉಪ್ಪಿಟ್ಟಿಗೆ ಇಳಿಸಿ ಒಪ್ಪಿಸಿದೆ.

ಹೋಟೆಲಿನ ಹಿಂದಿನ ಓಣಿಯಲ್ಲಿ ಖಾಲಿ ಜಾಗವಿತ್ತು. ಅವನು ಅಲ್ಲಿ ಆಫೀಸು ಎಬ್ಬಿಸುವಾಗ ನಾನು ತಪಾಸಣೆಗೆ ಬರುವ ಮೇಡಂರನ್ನು ಕರೆತರಲು ಸ್ಟೇಷನ್ನಿಗೆ ಹೋಗಿದ್ದೆ. ಅವರೊಂದಿಗೆ ಬಂದು ನೋಡುತ್ತೇನೆ: ತೇಗದ ಗೋಡೆ, ತೇಗದ ಕಪಾಟು, ಅದರೊಳಗೆ ದಪ್ಪ ಪುಸ್ತಕಗಳು. ಗೋಡೆಗಳು ಮಾತ್ರ ಮೂರು. ಕ್ಯಾಮೆರಾ ನಿಲ್ಲುವ ಕಡೆ ಗೋಡೆ ಕಟ್ಟಿ ಅವನಿಗೆ ಗೊತ್ತೇ ಇಲ್ಲ! ತೆರೆದ ಬದಿಯಲ್ಲಿ ಇಡೀ ಓಣಿ ನೆರೆದಿತ್ತು.

"ಹೀರೋ ಕಬ್ ಆಯೇಗಾ?" ಎಂದು ಬಾಳೆಹಣ್ಣಿನವಳು ನನ್ನನ್ನೇ ಕೇಳಿದಳು.

ಮೇಡಂ ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. "ಅಂಕಲ್, ನಿಮ್ದು ಚೌಥಿ ದೀವಾರ್ ಎಲ್ಲಿ?"

"ಗಾಳಿಗೆ ಬಿಟ್ಟೀವ್ರಿ."

ಅವರು ಕಪಾಟಿನ ಮೇಲೆ ಕೈ ಇಟ್ಟರು. ಕಪಾಟು ಮುರಿದು ಥರ್ಮೋಕೋಲಿನ ಕಾಳು ಹಾರಿದವು. ಗೋಡೆ ಬೀಳದಂತೆ ಹಿಂದಿನಿಂದ ಹಿಡಿದು ನಿಂತಿದ್ದ ಗೆಳೆಯ ಕೂಗಿದ: "ಕೈ ಹಚ್ಚಬ್ಯಾಡ್ರೀ ಮೇಡಂ, ಬಣ್ಣ ಹಸಿ ಐತಿ!"

ಪವಾಯಿ ಮುಳುಗಿತು ಅಂದುಕೊಂಡೆ. ಮೇಡಂ ಬೈಯಲಿಲ್ಲ, ನಕ್ಕೂ ನಕ್ಕೂ ಕುರ್ಚಿಯಲ್ಲಿ ಕುಸಿದರು. ಕುರ್ಚಿ ಹೋಟೆಲಿನದು, ಪುಣ್ಯಕ್ಕೆ ತಡೆಯಿತು. ಆಮೇಲೆ ಗೋಡೆಯ ಹಿಂದೆ ಇಣುಕಿ ಅವನನ್ನು ಕೇಳಿದರು: "ಇದು ನೀವು ಬನಾಯಾ? ನಿಮ್ದು ಆಫೀಸ್ ಎಲ್ಲಿ?"

"ಗೋದಾಮು ಐತ್ರಿ. ಇಟ್ಟಂಗೀದು, ನಾಕೂ ಗ್ವಾಡಿ ಅದಾವು."

"ನೀವೂ ಕನ್ನಡದವ್ರಾ?"

"ಮತ್ತೇನು ಜಪಾನದಾಂವ ಅನ್ಕೊಂಡ್ರ್ಯಾ?"

ಮುಂದಿನ ವಾರ ಅವರು ಗೋರೆಗಾಂವ್‌ಗೆ ಹೋಗಿ ಗೋದಾಮು ನೋಡಿದರು. ಒಂದು ಕೋರ್ಟು, ಅರ್ಧ ಪೊಲೀಸ್ ಠಾಣೆ, ಹತ್ತಾರು ಅರಮನೆ ಕಂಬ: ಎಲ್ಲವೂ ಆಸ್ತಿಯೆಂದು ದಾಖಲಾದವು. ಕೇಳಿದವನಿಗೆ ಇಲ್ಲವೆಂದರು, ಕೇಳದವನಿಗೆ ಸಾಲ ಮಂಜೂರು ಮಾಡಿದರು.

ಇಂಥ ಹೊತ್ತಿನಲ್ಲಿ ಸಿಟ್ಟು ಮಾಡಿಕೊಳ್ಳುವವನು ದಡ್ಡ. ಸೀದಾ ಹೋಗಿ ಪವಾಯಿಯ ಕೆಲಸದಲ್ಲಿ ಪಾಲು ಕೊಡುತ್ತೇನೆ, ಹಣ ನೀನು ಹಾಕು ಅಂದೆ. ಅವನು ಅರ್ಧ ಕೇಳಿದ, ನಾನು ಕಾಲು ಅಂದೆ. ಮೂರರಲ್ಲಿ ಒಂದಕ್ಕೆ ಕೈಕುಲುಕಿದೆವು. ಗುತ್ತಿಗೆ ಅವನ ಹೆಸರಿಗೆ ಹೋಯಿತು, ನನ್ನ ಹೆಸರು ಅದರ ಕೆಳಗೆ.

ಬಿದಿರು ಇಳಿಸುವ ದಿನ ಸೊಸೈಟಿಯ ಸೆಕ್ರೆಟರಿ ಹೊಸ ಯಜಮಾನನ ಮುಖ ನೋಡಿ, ಬಣ್ಣದ ಕೆಲಸದಲ್ಲಿ ಎಷ್ಟು ವರ್ಷದ ಅನುಭವ ಎಂದು ಕೇಳಿದರು. ಗೆಳೆಯ ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದ:

"ಅನುಭವ್ ಇಸ್‌ಕಾ, ಸಾಬ್. ಲೋನ್ ಮೇರಾ."

ಸೆಕ್ರೆಟರಿ ಸಮಾಧಾನದಿಂದ ಗೇಟು ತೆಗೆಸಿದರು.