ಐದನೆಯ ದಿನದ ಟಿಕೆಟು

ನನ್ನ ಗಂಡ ಮೆಲ್ಬರ್ನಿನ ಜನ ನೋಡದೆ ಸತ್ತದ್ದು ನನ್ನಿಂದ. ಆಟ ಬೇಗ ಮುಗಿಯಿತು, ವಿಮಾನದಲ್ಲಿ ಜಾಗ ಸಿಗಲಿಲ್ಲ, ಅಳಿಯನಿಗೆ ಕ್ರಿಕೆಟ್ಟಿನ ಗಂಧವಿಲ್ಲ ಎಂದು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದೆಲ್ಲ ನನ್ನ ಮುಖ ನೋಡಿ ಹೇಳುವ ಮಾತು. ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯ ಟೀವಿಯಿಂದ ಆ ಸದ್ದು ಬಂತು. ಸಾವಿರಗಟ್ಟಲೆ ಜನ ಒಂದೇ ಕಡೆ ಕುಳಿತು ಏನೂ ಕೂಗದೆ ಇರುವಾಗ ಏಳುವ ಗುಂಯ್ ಎಂಬ ಸದ್ದು, ಅದರ ನಡುವೆ ಮರಕ್ಕೆ ಚೆಂಡು ತಾಗಿದ ಒಂದು ಟಕ್, ಆಮೇಲೆ ಕಡಲ ಹಕ್ಕಿಯ ಕೂಗು. ಬಟ್ಟೆ ಹಿಂಡುತ್ತಿದ್ದವಳು ಹಾಗೆಯೇ ಕಲ್ಲಿನ ಮೇಲೆ ಕುಳಿತೆ. ಯಾವ ದೇಶದ ಆಟ ಎಂದು ಕೇಳಿ ತಿಳಿದುಕೊಳ್ಳಬೇಕಾಗಿರಲಿಲ್ಲ. ಆಸ್ಟ್ರೇಲಿಯಾದ ಆ ಮೈದಾನದಲ್ಲಿ ಹಕ್ಕಿಗಳು ಆಟಗಾರರ ನಡುವೆಯೇ ಓಡಾಡುತ್ತವೆ, ಯಾರೂ ಓಡಿಸುವುದಿಲ್ಲ. ಅದನ್ನು ನಾನು ಕ್ವಾಲಾಲಂಪುರದ ಪಕ್ಕದ ಪುಚೊಂಗ್‌ನಲ್ಲಿ, ಮಗಳ ಮನೆಯ ಟೀವಿಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಪುಚೊಂಗ್‌ನ ಆ ಮನೆ ಸಾಲುಮನೆಗಳಲ್ಲಿ ಒಂದು. ಮುಂದೆ ಕಬ್ಬಿಣದ ಗ್ರಿಲ್ಲು, ಕಾರು ನಿಲ್ಲುವಷ್ಟು ಜಾಗ, ಬರಿಗಾಲಿಗೆ ತಣ್ಣಗಾಗುವ ಟೈಲ್ಸು, ಮಧ್ಯಾಹ್ನವಾದರೆ ಪಕ್ಕದ ಲಕ್ಷ್ಮಿಯ ಒಲೆಯಿಂದ ಒಣಮೆಣಸು ಹುರಿದ ಘಾಟು. ದೂರದ ಕಾಡು ಉರಿದು ಊರೆಲ್ಲ ಹೊಗೆ ಮುಸುಕಿದ್ದ ವರ್ಷ ಕಳೆದು ಮರುವರ್ಷ ನಾವು ಅಲ್ಲಿಗೆ ಹೋದದ್ದು. ಅಳಿಯ ಸುಧಾಕರ ಮೆಡಿಕಲ್ ಕಾಲೇಜಿನಲ್ಲಿ ಮನುಷ್ಯನ ದೇಹ ಕೊಯ್ದು ತೋರಿಸಿ ಪಾಠ ಮಾಡುತ್ತಿದ್ದರು. ಮಗಳು ಶಾಲಿನಿ ಕ್ಲಾಂಗ್ ಬಂದರಿನ ಹಡಗಿನ ಕಚೇರಿಗೆ ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದಳು. ಅವರ ಮಗಳು ಮೇಘಾಳಿಗೆ ಆಗ ಏಳು ವರ್ಷ. ಬಾಲ್ಯದ ನೆನಪು ಬರೆಯಿರಿ ಎಂದು ಈಗ ಅವಳೇ ನನ್ನ ಬೆನ್ನು ಹತ್ತಿರುವುದು. ನನ್ನ ಸ್ವಂತ ಬಾಲ್ಯದ ಬಗ್ಗೆ ಬರೆಯುವುದಕ್ಕೆ ಹೆಚ್ಚೇನಿಲ್ಲ. ಮೂರನೆಯ ಕ್ಲಾಸಿಗೆ ಶಾಲೆ ಬಿಡಿಸಿದರು, ಆಮೇಲೆ ಸೊಂಟದ ಮೇಲೆ ಯಾವಾಗಲೂ ಒಂದು ತಮ್ಮನೋ ತಂಗಿಯೋ ಇತ್ತು. ಕೆಲಸವಿಲ್ಲದೆ ಕುಳಿತು ಆಟವಾಡಿದ್ದು ಅರುವತ್ತು ದಾಟಿದ ಮೇಲೆ, ಆ ಟೈಲ್ಸಿನ ಮೇಲೆ, ಮೇಘಾಳ ಜೊತೆಗೆ. ಅವಳ ಹತ್ತಿರ ದೋಣಿಯ ಹಾಗಿನ ಒಂದು ಗುಳಿಮಣೆ ಇತ್ತು. ಅವಳು ಅದನ್ನು ಚೊಂಗ್ಕಾಕ್ ಎನ್ನುತ್ತಿದ್ದಳು, ನಾನು ಚೆನ್ನೆಮಣೆ ಎನ್ನುತ್ತಿದ್ದೆ. ಹೆಸರಿಗೆ ಜಗಳ ಮಾಡಿಕೊಂಡೇ ಇಬ್ಬರೂ ಮಣಿ ಹಾಕುತ್ತಿದ್ದೆವು. ಹಾಗೆ ನೋಡಿದರೆ ನಾನು ಸಣ್ಣವಳಾಗಿದ್ದದ್ದು ಆ ಮನೆಯಲ್ಲೇ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು, ಈಗ ಅದರೊಳಗೆ ಬೇರೆ ಯಾರೋ ದೀಪ ಹಾಕುತ್ತಿರಬಹುದು.

ನನ್ನ ಗಂಡನಿಗೆ ಜನ ಬೇಕು. ಊಟವಿಲ್ಲದಿದ್ದರೂ ನಡೆದೀತು. ಉಡುಪಿ ಕಡೆಯ ಒಂದು ಯಕ್ಷಗಾನದ ಡೇರೆ ಮೇಳದಲ್ಲಿ ಇಪ್ಪತ್ತೆಂಟು ವರ್ಷ ಬಾಗಿಲಲ್ಲಿ ನಿಂತು ಟಿಕೆಟು ಹರಿದವರು ಅವರು. ಒಳಗೆ ಯಾವ ಪ್ರಸಂಗ ನಡೆಯಿತು ಎಂದರೆ ಅವರಿಗೆ ಅರ್ಧಂಬರ್ಧ ಗೊತ್ತು. ಎಷ್ಟು ಜನ ಬಂದರು, ಯಾವ ಊರಿನವರು, ಯಾರು ಮುದುಕಿಯನ್ನು ಹೊತ್ತುಕೊಂಡು ಬಂದರು ಎಂದು ಕೇಳಿದರೆ ವರ್ಷ ಕಳೆದರೂ ಹೇಳುವರು. ಚಳಿಗಾಲದ ಬೆಳಿಗ್ಗೆ ಮೇಳದಿಂದ ಮನೆಗೆ ಬಂದು, ಮಲಗುವ ಬದಲು ರೇಡಿಯೋ ಕಿವಿಗೆ ಒತ್ತಿಕೊಂಡು ಆಸ್ಟ್ರೇಲಿಯಾದ ಟೆಸ್ಟ್ ಕೇಳುತ್ತಿದ್ದರು. ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಕೇಳುತ್ತಿದ್ದದ್ದು ಮಾತಿನ ಹಿಂದಿನ ಜನರ ಸದ್ದನ್ನು. "ಐದು ದಿನ ಬಿಸಿಲಲ್ಲಿ ಕೂರಲಿಕ್ಕೆ ಅಷ್ಟು ಜನ ಬರುತ್ತಾರಲ್ಲ, ಎಂತಕ್ಕೆ?" ಎಂದು ಅವರನ್ನು ಅವರೇ ಕೇಳಿಕೊಳ್ಳುತ್ತಿದ್ದರು. ಮೇಳಕ್ಕೆ ಹೆಣ್ಣುವೇಷ ಉಂಟು, ಬಣ್ಣದ ವೇಷ ಉಂಟು, ಚೆಂಡೆ ಉಂಟು. ಅಲ್ಲಿ ಬಿಳಿ ಬಟ್ಟೆ ಹಾಕಿದವರು ಸುಮ್ಮನೆ ನಿಂತಿರುತ್ತಾರೆ, ಆದರೂ ಬಾಗಿಲು ತುಂಬುತ್ತದೆ. ಬಾಗಿಲು ಕಾದವನಿಗೆ ಅದು ಬಿಡಿಸಲಾಗದ ಒಗಟು.

ನಾವು ಹೋದ ವರ್ಷ ಕ್ವಾಲಾಲಂಪುರದ ಒಂದು ಕ್ಲಬ್ಬಿನ ಮೈದಾನದಲ್ಲೇ ನಮ್ಮ ದೇಶದವರು ಬಂದು ಆಡಿದರು. ಅಳಿಯ ಕರೆದುಕೊಂಡು ಹೋದರು. ಹಗ್ಗದ ಆಚೆ ಅಲ್ಲೊಬ್ಬ ಇಲ್ಲೊಬ್ಬ. ಇವರು ಆಟದ ಕಡೆಗೆ ಬೆನ್ನು ಹಾಕಿ, ಬಂದವರನ್ನು ಎಣಿಸಿ, "ಇದು ಆಟ ಅಲ್ಲ ಮಾರಾಯ್ತಿ, ಅಭ್ಯಾಸ" ಎಂದು ಎದ್ದುಬಿಟ್ಟರು. ದಾರಿಯುದ್ದಕ್ಕೂ ಮೆಲ್ಬರ್ನಿನ ಮಾತು. ಕ್ರಿಸ್ಮಸ್ಸಿನ ಮರುದಿನ ಅಲ್ಲಿ ಊರಿಗೆ ಊರೇ ಎದ್ದು ಮೈದಾನಕ್ಕೆ ಹೋಗುತ್ತದಂತೆ. ಹಬ್ಬದ ಮಿಕ್ಕ ಊಟ ಡಬ್ಬಿಗೆ ಹಾಕಿಕೊಂಡು, ಅಜ್ಜನ ಜೊತೆ ಮೊಮ್ಮಗ, ಕುಳಿತ ಜಾಗದಲ್ಲೇ ಪ್ರತಿವರ್ಷ. ಎಂತಕ್ಕೆ ಹೋಗುತ್ತಾರೆ ಎಂದು ಇವರು ಕೇಳಿದರೆ ಅಳಿಯ, ರಜೆ ಮಾವ, ಅಲ್ಲಿ ಆಗ ಬೇಸಿಗೆ ಬೇರೆ, ಎಂದರು. ಆಟ ಐದು ದಿನ ಎಂದು ಪಕ್ಕದ ಲಕ್ಷ್ಮಿಗೆ ಹೇಳಿದರೆ ಅವಳು ಒಗೆದ ಬಟ್ಟೆ ಒದರುತ್ತ, ತನ್ನ ತಮಿಳು ಬೆರೆಸಿ, "ಅಯ್ದು ನಾಳಾ ಪಾಟ್ಟಿ? ನನ್ನ ಕಲ್ಯಾಣವೇ ಅರ್ಧ ದಿನ ಲಾ" ಎಂದು ನಕ್ಕಳು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಮನೆಯಲ್ಲಿ ಕುಳಿತರೆ ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತದೆ, ಅಲ್ಲಿ ಹಾಗಿಲ್ಲ, ಎಲ್ಲರೂ ಒಂದೇ ಕಡೆ ನೋಡಬಹುದು, ಅದಕ್ಕೆ ಹೋಗುತ್ತಾರೆ.

ನವೆಂಬರಿನಲ್ಲಿ ಒಂದು ದಿನ ಅಳಿಯ ಅಡುಗೆಮನೆಗೆ ಬಂದು ದನಿ ತಗ್ಗಿಸಿದರು. ಮೆಲ್ಬರ್ನಿನಲ್ಲಿ ಅವರ ಮಣಿಪಾಲದ ಗೆಳೆಯನೊಬ್ಬನಿದ್ದ. ಮಾವನನ್ನು ಕರೆದುಕೊಂಡು ಹೋಗುವುದೆಂದು ಇಬ್ಬರೂ ನಿಶ್ಚಯ ಮಾಡಿದ್ದರು. ಮಾವನಿಗೆ ಈಗಲೇ ಹೇಳುವುದು ಬೇಡ, ಕೈಗೆ ಟಿಕೆಟು ಕೊಟ್ಟೇ ಹೇಳೋಣ ಎಂದರು. "ಕಾಲೇಜಿನಲ್ಲಿ ಎರಡೇ ದಿನ ರಜೆ ಅತ್ತೆ. ಮೊದಲ ದಿನಕ್ಕೂ ಜಾಗ ಉಂಟಂತೆ, ಕೊನೆಯ ದಿನಕ್ಕೂ ಉಂಟಂತೆ. ಯಾವುದು ಮಾಡಲಿ?" ನಾನು ಯೋಚನೆ ಮಾಡಲಿಲ್ಲ. ಕೊನೆಯ ದಿನಕ್ಕೇ ಮಾಡಿ ಎಂದೆ. ನನಗೆ ಗೊತ್ತಿದ್ದದ್ದು ಡೇರೆಯ ಲೆಕ್ಕ. ಮೇಳದಲ್ಲಿ ಒಳ್ಳೆಯ ವೇಷ ಬರುವುದು ಕೊನೆಗೆ, ಅಷ್ಟು ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ, ಕಾಲು ಚಾಚಿ ಕೂರಬಹುದು. ಅದು ಹೇಳಿದ ಕಾರಣ. ಹೇಳದ ಕಾರಣ ಇನ್ನೊಂದಿತ್ತು. ನಾನು ಹತ್ತು ವರ್ಷದವಳಿದ್ದಾಗ ಡೇರೆಯ ಹಗ್ಗ ಕಿತ್ತು ಜನ ನುಗ್ಗಿ, ನಾನು ಕೆಳಗೆ ಬಿದ್ದು, ಯಾರದೋ ಕಾಲು ನನ್ನ ಕೈಬೆರಳ ಮೇಲೆ ನಿಂತಿತ್ತು. ಆ ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಇವರ ಮೊಣಕಾಲು ಆಗಲೇ ಹೋಗಿತ್ತು. ಊರಿಗೆ ಊರೇ ನುಗ್ಗುವ ದಿನ ಇವರನ್ನು ಅಲ್ಲಿಗೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ಆಟ ಐದು ದಿನ ಎಂದರೆ ಐದು ದಿನ ಇದ್ದೇ ಇರುತ್ತದೆ ಎಂದುಕೊಂಡಿದ್ದೆ. ಬೆಳಗಾಗುವ ಮೊದಲು ಮಂಗಳ ಹಾಡಿದ ಮೇಳವನ್ನು ನಾನು ಕಂಡವಳಲ್ಲ. ಎಲುಬು, ನರ ಬಿಟ್ಟು ಬೇರೇನೂ ಗೊತ್ತಿಲ್ಲದ ಅಳಿಯನೂ ತಲೆಯಾಡಿಸಿದರು.

ಕ್ರಿಸ್ಮಸ್ಸಿಗೆ ಹತ್ತು ದಿನವಿರುವಾಗ ಟಿಕೆಟು ಕೈಗೆ ಕೊಟ್ಟರು. ಇವರು ಕನ್ನಡಕ ಹಾಕಿ, ದೀಪದ ಕೆಳಗೆ ಹಿಡಿದು, ತಾರೀಖು ಓದಿದರು. ನಗು ಬಂದದ್ದು ಅರ್ಧಕ್ಕೆ ನಿಂತಿತು. "ಐದನೆಯ ದಿನ ಆಟ ಉಂಟು ಅಂತ ಯಾರು ಹೇಳಿದ್ದು?" ಎಂದರು. ನಾನು ಸೌಟು ಹಿಡಿದು ನಿಂತಿದ್ದೆ. ಅಳಿಯ ನನ್ನ ಕಡೆ ನೋಡಲೂ ಇಲ್ಲ. "ನಾನೇ ಮಾಡಿಸಿದ್ದು ಮಾವ. ತಪ್ಪಾಯಿತು. ಬದಲಾಯಿಸಲಿಕ್ಕೆ ಕೇಳಿದರೆ ಈಗ ಎಲ್ಲ ಭರ್ತಿಯಂತೆ." ನಾನು ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಸಾರು ಉಕ್ಕುತ್ತಿತ್ತು, ಒಳಗೆ ಹೋದೆ.

ಆಟದ ಆ ನಾಲ್ಕು ದಿನ ಆ ಮನೆಯಲ್ಲಿ ನಡೆದದ್ದು ಬೇರೆ ಯಾವ ಮನೆಯಲ್ಲೂ ನಡೆದಿರಲಾರದು. ಎಲ್ಲರೂ ಯಾರೋ ಒಬ್ಬರು ಗೆಲ್ಲಲಿ ಎಂದು ಕೂರುತ್ತಾರೆ. ನಾವು ಯಾರೂ ಔಟಾಗಬಾರದು, ಆಟ ಮುಗಿಯಬಾರದು ಎಂದು ಕೂತೆವು. ಬೆಳಿಗ್ಗೆ ಎಂಟಕ್ಕೇ ಟೀವಿ. ಮೊದಲ ದಿನ ತೆರೆಯ ತುಂಬ ಜನ, ತಲೆಗಳ ಮೇಲೆ ತಲೆ, ಟೋಪಿಗಳ ಮೇಲೆ ಬಿಸಿಲು. ಇವರು ಕುರ್ಚಿ ಮುಂದೆ ಎಳೆದುಕೊಂಡು ನೋಡಿದರು. ಕ್ಯಾಮೆರಾ ಆಟದ ಕಡೆ ತಿರುಗಿದರೆ ಅವರಿಗೆ ಸಿಟ್ಟು. ಎರಡನೆಯ ದಿನ ಮೇಘಾಳಿಗೂ ಸಂಗತಿ ತಿಳಿದಿತ್ತು. ಬೌಲರ್ ಓಡಿ ಬಂದಾಗಲೆಲ್ಲ ಕಣ್ಣು ಮುಚ್ಚಿಕೊಂಡು, "ಪ್ಲೀಸ್ ಡೋಂಟ್ ಔಟ್ ಲಾ, ಅಜ್ಜ ವಾಂಟ್ಸ್ ಟು ಗೋ" ಎನ್ನುತ್ತಿದ್ದಳು. ಮಳೆ ಬರಲಿ ಎಂದು ನಾನು ಊರಿನ ದೇವರಿಗೆ ಹೇಳಿಕೊಂಡೆ. ಮೂರನೆಯ ದಿನ ಅಲ್ಲಿ ಮೋಡ ಕವಿದದ್ದು ನಿಜ, ಹನಿ ಬೀಳಲಿಲ್ಲ. ಅಂದು ಸಂಜೆ ಶಾಲಿನಿ ಕೆಲಸದಿಂದ ಬಂದು ಅವರ ಚೀಲ ಕಟ್ಟಿದಳು. ಬಿಳಿ ಅಂಗಿ, ಮೊಣಕಾಲಿನ ಎಣ್ಣೆ, ತಲೆಗೆ ಟೋಪಿ. ನಾಲ್ಕನೆಯ ದಿನ ಸಂಜೆ ವಿಮಾನ.

ನಾಲ್ಕನೆಯ ದಿನ ಊಟದ ಹೊತ್ತಿಗೆ ಇನ್ನೂ ಐದು ಜನ ಔಟಾಗಬೇಕಿತ್ತು. ಸಾಕು, ಉಳಿಯಿತು ಎಂದುಕೊಂಡೆವು. ಆಮೇಲೆ ಒಂದು ಗಂಟೆಯೊಳಗೆ ಏನಾಯಿತೋ, ಹಳೆಯ ಗೋಡೆ ಕುಸಿದ ಹಾಗೆ ಒಬ್ಬರ ಹಿಂದೆ ಒಬ್ಬರು ಹೊರಟುಹೋದರು. ಕೊನೆಯವನು ಔಟಾದಾಗ ಅಳಿಯ ಕಾರಿನ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆದರೂ ಹೋಗೋಣ ಮಾವ, ಮೈದಾನ ನೋಡಬಹುದು, ಗೆಳೆಯ ಕಾಯುತ್ತಿದ್ದಾನೆ ಎಂದರು. ಇವರು ಟೀವಿ ಆರಿಸಿದರು. "ಜನ ಇಲ್ಲದ ಡೇರೆ ನಾನು ಬೇಕಾದಷ್ಟು ನೋಡಿದ್ದೇನೆ" ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಮೇಘಾಳನ್ನು ಹತ್ತಿರ ಕರೆದು ಅಳಿಯನಿಗೆ ಕೇಳುವ ಹಾಗೆ, "ನಿನ್ನ ಅಪ್ಪನಿಗೆ ಮನುಷ್ಯನ ಎಲುಬು ಎಷ್ಟು ಅಂತ ಗೊತ್ತುಂಟು ಮಗಾ, ಆಟಕ್ಕೆ ದಿನ ಎಷ್ಟು ಅಂತ ಗೊತ್ತಿಲ್ಲ" ಎಂದರು. ಅಳಿಯ ನಕ್ಕರು. ಮಾವ ಹೇಳಿದ್ದು ತಮಾಷೆ ಎಂದು ತೋರಿಸಲು ನಕ್ಕದ್ದು ಅದು. ಬೀಗದ ಕೈ ಮೊಳೆಗೆ ತಗುಲಿಸಿ ಮಹಡಿ ಹತ್ತಿ ಹೋದರು, ರಾತ್ರಿ ಊಟಕ್ಕೂ ಇಳಿಯಲಿಲ್ಲ.

ಮುಂದೆ ಇನ್ನೊಂದು ಕ್ರಿಸ್ಮಸ್ ಇವರಿಗೆ ಸಿಗಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಎದೆ ನಿಂತಿತು. ಅಲ್ಲಿಯೇ ಸುಟ್ಟೆವು. ಬಂದವರು ಹನ್ನೊಂದು ಜನ, ನಾನು ಎಣಿಸಿದೆ, ಎಣಿಸುವುದು ಅವರಿಂದ ಬಂದ ಚಾಳಿ. ಅಳಿಯನ ಕೆಲಸ ಬದಲಾಯಿತು, ಮನೆ ಕೈಬಿಟ್ಟಿತು, ಲಕ್ಷ್ಮಿ ಮಗನ ಊರಿಗೆ ಹೋದಳಂತೆ. ಗುಳಿಮಣೆ ಎಲ್ಲಿ ಹೋಯಿತೆಂದು ಮೇಘಾಳಿಗೂ ಗೊತ್ತಿಲ್ಲ. ಈಗ ನನಗೆ ಯಾರ ಮೇಲೂ ಸಿಟ್ಟಿಲ್ಲ, ನನ್ನ ಮೇಲೂ ಇಲ್ಲ; ಸಿಟ್ಟಿಗೂ ಮೈಯಲ್ಲಿ ಬಲ ಬೇಕು. ಹೇಳಿ ಮುಗಿಸಬೇಕಾದದ್ದು ಒಂದೇ, ಆಟ ಮುಗಿದ ಮರುದಿನ ಬೆಳಗಿನ ಸಂಗತಿ. ಐದನೆಯ ದಿನ ಆಗಬೇಕಾಗಿದ್ದ ದಿನ ಅದು.

ಬೆಳಿಗ್ಗೆ ಎದ್ದು ಉದ್ದಿನ ದೋಸೆಗೆ ಕಾವಲಿ ಇಟ್ಟೆ. ಮದುವೆಯಾದಂದಿನಿಂದ ನನ್ನ ಒಲೆಯ ಮೊದಲ ದೋಸೆ ಇವರ ತಟ್ಟೆಗೆ. ಮಗಳ ಮದುವೆಯ ಮರುದಿನ ಹೊಸ ಅಳಿಯ ಪಕ್ಕದಲ್ಲಿ ಕುಳಿತಿದ್ದಾಗಲೂ ತಪ್ಪಿಸಿರಲಿಲ್ಲ. ಇಬ್ಬರೂ ಮೇಜಿನ ಎದುರುಬದುರು ಕುಳಿತಿದ್ದರು. ಮೊದಲ ದೋಸೆ ತಂದು ಅಳಿಯನ ತಟ್ಟೆಗೆ ಹಾಕಿದೆ. ಇವರ ಕೈ ಚಟ್ನಿಯ ಹತ್ತಿರ ನಿಂತಿತು.

"ಇದೆಂತ?" ಎಂದರು.

"ಕೊನೆಯ ದಿನಕ್ಕೆ ಮಾಡಿ ಅಂತ ಅವರಿಗೆ ಹೇಳಿದ್ದು ನಾನು. ಬೈಯುವುದಿದ್ದರೆ ನನಗೆ ಬೈಯಿರಿ."

"ಇರಲಿ ಅತ್ತೆ" ಎಂದರು ಅಳಿಯ, ದೋಸೆ ಮುಟ್ಟದೆ.

ಇವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನನ್ನ ಮಡಚದ ಬೆರಳನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಮೊದಲ ದಿನಕ್ಕೆ ಜಾಗ ಇತ್ತಾ?" ಎಂದು ಕೇಳಿದರು.

"ಇತ್ತು" ಎಂದೆ.

ಕಾವಲಿ ಕಾದು ಹೊಗೆಯೇಳುತ್ತಿತ್ತು. ಒಳಗೆ ಹೋಗಿ ನೀರು ಚಿಮುಕಿಸಿ, ಇವರ ದೋಸೆ ಹೊಯ್ದೆ.